ನಿಮಗಿದು ಗೊತ್ತೇ? ಮಾರ್ಕ್ಸ್ ಕಾರ್ಡಿಗೆ ಸಿಕ್ಕದ ಜಾಣತನ

ಐಕ್ಯೂ, ಐಕ್ಯೂ ಅಂತ ಎಲ್ಲರೂ ಬಡಿದುಕೊಳ್ಳುತ್ತಾರಲ್ಲ, ಆ ಬುದ್ಧಿ ಅಳೆಯುವ ಪರೀಕ್ಷೆಯನ್ನು ಮೊದಲು ಹೊಸೆದದ್ದು ಫ್ರಾನ್ಸಿನ ಆಲ್ಫ್ರೆಡ್ ಬಿನೆ. 1905ರಲ್ಲಿ, ಪ್ಯಾರಿಸ್‌ನಲ್ಲಿ. ಶಾಲೆಯಲ್ಲಿ ಗೆಲ್ಲಲು ಬುದ್ಧಿಯೊಂದೇ ಸಾಲದು, ಗಮನ ಬೇಕು, ಮನಸ್ಸಿನ ಗಟ್ಟಿತನ ಬೇಕು, ಸ್ವಭಾವವೂ ಸರಿಯಿರಬೇಕು ಅಂತ ಬರೆದಿಟ್ಟವರು ಯಾರು ಗೊತ್ತಾ? ಅದೇ ಬಿನೆ! ಅಳತೆಗೋಲು ಮಾಡಿದವರೇ ಇದು ಅರ್ಧ ಮಾತ್ರ ಅಳೆಯುತ್ತೆ ಅಂದಿದ್ದರು. ನಾವು ಕೋಲು ಇಟ್ಟುಕೊಂಡೆವು, ಮಾತು ಬಿಟ್ಟೆವು!

ಆ ಇನ್ನರ್ಧಕ್ಕೆ ಏನೇನೋ ಹೆಸರು. ಜೀವನ ಕೌಶಲ್ಯ ಅನ್ನುತ್ತಾರೆ, ಸಾಫ್ಟ್ ಸ್ಕಿಲ್ ಅನ್ನುತ್ತಾರೆ. ತಾಳ್ಮೆ, ಹಿಡಿದ ಪಟ್ಟು, ಸಿಟ್ಟಿನ ಮೇಲೆ ಹಿಡಿತ, ನಾಲ್ಕು ಜನರ ಜೊತೆ ಹೊಂದಿಕೊಳ್ಳೋದು, 'ನನ್ನ ಕೈಲಾಗುತ್ತೆ' ಅನ್ನೋ ನಂಬಿಕೆ. ಇವನ್ನೆಲ್ಲ ಬಡ ಮನೆಯ ಮಕ್ಕಳಲ್ಲಿ ಹುಡುಕಿಕೊಂಡು ಹೋದವರಿಗೆ ಸಿಕ್ಕ ಸಂಗತಿಗಳಿವೆಯಲ್ಲ, ಕೇಳಿದರೆ ಹುಬ್ಬು ಹಾರುತ್ತೆ!

ಒಂದು ಪೆಪ್ಪರ್‌ಮಿಂಟಿಗೆ ಬುದ್ಧಿ ಏರುತ್ತಾ? ಏರಿದೆ! 1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ಪುಟ್ಟ ಮಕ್ಕಳಿಗೆ ಐಕ್ಯೂ ಪರೀಕ್ಷೆ ಕೊಟ್ಟರು. ಪ್ರತಿ ಸರಿಯುತ್ತರಕ್ಕೆ ಒಂದು ಎಂ ಅಂಡ್ ಎಂ ಚಾಕೊಲೇಟ್ ಗುಂಡು. ಹಿಂದುಳಿದ ಮಕ್ಕಳ ಗುಂಪಿನ ಅಂಕ 79ರಿಂದ 97ಕ್ಕೆ ಜಿಗಿಯಿತು. ಜಾಣರ ಗುಂಪಿನ ಅಂಕ ಇದ್ದಲ್ಲೇ ಇತ್ತು. ಅಂದರೆ, ಆ ಮಕ್ಕಳಿಗೆ ಉತ್ತರ ಗೊತ್ತಿತ್ತು. ಹೇಳಬೇಕು ಅನ್ನಿಸಿರಲಿಲ್ಲ, ಅಷ್ಟೇ!

ಈಗ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಅನ್ನೋ ಊರಿಗೆ ಬನ್ನಿ. ಇಸವಿ 1962. ಡೇವಿಡ್ ವೈಕಾರ್ಟ್ ಅನ್ನುವವರು ತೀರಾ ಬಡತನದ 123 ಕಪ್ಪು ಮಕ್ಕಳನ್ನು ಅದೃಷ್ಟದ ಮೇಲೆ ಎರಡು ಪಾಲು ಮಾಡಿದರು. 58 ಮಕ್ಕಳಿಗೆ ಪೆರ್ರಿ ಶಾಲೆಯಲ್ಲಿ ಶಿಶುವಿಹಾರ. ಉಳಿದ 65 ಮಕ್ಕಳಿಗೆ ಅದಿಲ್ಲ. ದಿನಕ್ಕೆ ಎರಡೂವರೆ ಗಂಟೆ ಪಾಠ, ವಾರಕ್ಕೊಮ್ಮೆ ಟೀಚರ್ ಮನೆಗೇ ಬಂದು ಒಂದೂವರೆ ಗಂಟೆ ತಾಯಿ-ಮಗುವಿನ ಜೊತೆ ಕೂರೋದು. ಇಷ್ಟೇ!

ಅಲ್ಲಿ ಏನು ಕಲಿಸುತ್ತಿದ್ದರು? ಬೆಳಿಗ್ಗೆ ಬಂದ ಮಗು ಇವತ್ತು ನಾನೇನು ಮಾಡ್ತೀನಿ ಅಂತ ತಾನೇ ಹೇಳಬೇಕು. ಆಮೇಲೆ ಅದನ್ನು ಮಾಡಬೇಕು. ಕೊನೆಗೆ ಎಲ್ಲರೂ ಕೂತು, ಹೇಳಿದ್ದೇನು, ಆದದ್ದೇನು ಅಂತ ಮಾತಾಡಬೇಕು. ಮೂರು ವರ್ಷದ ಮಗುವಿಗೆ ಯೋಜನಾ ಆಯೋಗದ ಕೆಲಸ!

ಶುರುವಿನಲ್ಲಿ ಆ 58 ಮಕ್ಕಳ ಐಕ್ಯೂ ಸರ್ರನೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಕ್ಕಳಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ನೋಡಿದರೆ ಎರಡೂ ಗುಂಪಿನ ಐಕ್ಯೂ ಒಂದೇ! ಏರಿದ್ದೆಲ್ಲ ಇಳಿದುಹೋಗಿತ್ತು. ದುಡ್ಡು ದಂಡ ಅಂದರು ಹಲವರು.

ತಾಳಿ, ಕಥೆ ಇಲ್ಲಿಂದ ಶುರು. 14ನೇ ವಯಸ್ಸಿಗೆ ಶಾಲಾ ಪರೀಕ್ಷೆ ಕೊಟ್ಟರೆ ಶಿಶುವಿಹಾರದ ಗುಂಪು ಮುಂದೆ! ಬುದ್ಧಿಯ ಅಂಕ ಸರಿಸಮ, ಪಾಠದ ಅಂಕ ಮಾತ್ರ ಹೆಚ್ಚು. 40ನೇ ವಯಸ್ಸಿಗೆ ಮತ್ತೆ ಹುಡುಕಿಕೊಂಡು ಹೋದರು. ಶಿಶುವಿಹಾರಕ್ಕೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ನೂರಕ್ಕೆ 77, ಹೋಗದವರಲ್ಲಿ 60. ಐದು ಅಥವಾ ಹೆಚ್ಚು ಸಲ ಪೊಲೀಸರ ಕೈಗೆ ಸಿಕ್ಕವರು? ಹೋಗದವರಲ್ಲಿ ನೂರಕ್ಕೆ 55, ಹೋದವರಲ್ಲಿ 36! ಐಕ್ಯೂ ಮಾಯವಾದರೂ ಇನ್ನೇನೋ ಒಂದು ಒಳಗೇ ಉಳಿದಿತ್ತು. ಲೆಕ್ಕ ಹಾಕಿದವರಿಗೆ ಸಿಕ್ಕ ಮುಖ್ಯ ಉತ್ತರ: ಜಗಳ, ಹಠ, ಸುಳ್ಳು ಇಂಥ ನಡವಳಿಕೆ ಚಿಕ್ಕಂದಿನಲ್ಲೇ ತಗ್ಗಿದ್ದು!

ಇನ್ನೂ ಇದೆ. ಆ ಮಕ್ಕಳು ದೊಡ್ಡವರಾಗಿ, ಅವರಿಗೂ ಮಕ್ಕಳಾದವು. ಆ ಮಕ್ಕಳೂ ಶಾಲೆಯಿಂದ ಹೊರಹಾಕಿಸಿಕೊಂಡದ್ದು ಕಡಿಮೆ! ಅಪ್ಪ-ಅಮ್ಮ ಮೂರನೇ ವಯಸ್ಸಿನಲ್ಲಿ ಶಿಶುವಿಹಾರಕ್ಕೆ ಹೋದದ್ದರ ಬಡ್ಡಿ ಮುಂದಿನ ತಲೆಮಾರಿಗೆ ಬಂತು!

ಈ ಲೆಕ್ಕ ಹಾಕಿದವರು ಜೇಮ್ಸ್ ಹೆಕ್‌ಮನ್. 2000ದ ಅರ್ಥಶಾಸ್ತ್ರದ ನೊಬೆಲ್ ಇವರಿಗೂ ಡೇನಿಯಲ್ ಮೆಕ್‌ಫ್ಯಾಡನ್‌ಗೂ ಬಂತು. ಮಕ್ಕಳ ಕೆಲಸಕ್ಕಲ್ಲ ಮತ್ತೆ, ಅಂಕಿಅಂಶದ ಒಂದು ಗಟ್ಟಿ ಸಮಸ್ಯೆ ಬಿಡಿಸಿದ್ದಕ್ಕೆ. ಪೆರ್ರಿಗೆ ಹಾಕಿದ ಹಣ ಸಮಾಜಕ್ಕೆ ವರ್ಷಕ್ಕೆ ಶೇ. 7ರಿಂದ 10ರಷ್ಟು ಆದಾಯ ತಂದಿದೆ ಅಂತ ಇವರ ತಂಡದ ಅಂದಾಜು. ನಿಮ್ಮ ಎಫ್‌ಡಿ ಎಷ್ಟು ಕೊಡುತ್ತೆ?

ಹೆಕ್‌ಮನ್ ಕೆದಕಿದ ಇನ್ನೊಂದು ಸಂಗತಿ ನೋಡಿ. ಅಮೆರಿಕದಲ್ಲಿ ಜಿಇಡಿ ಅಂತ ಪರೀಕ್ಷೆ ಇದೆ. 1942ರಲ್ಲಿ ಸೈನಿಕರಿಗಾಗಿ ಹುಟ್ಟಿದ್ದು. ಹೈಸ್ಕೂಲು ಬಿಟ್ಟವರು ಇದನ್ನು ಪಾಸು ಮಾಡಿದರೆ ಹೈಸ್ಕೂಲು ಮುಗಿಸಿದಷ್ಟೇ ಲೆಕ್ಕ. ಪಾಸಾದವರ ಜಾಣತನ, ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗದವರ ಜಾಣತನ ಹೆಚ್ಚುಕಡಿಮೆ ಒಂದೇ. ಸಂಬಳ? ಶಾಲೆ ಬಿಟ್ಟವರ ಹಾಗೆಯೇ! ಸೈನ್ಯಕ್ಕೆ ಸೇರಿದರೆ ಅರ್ಧದಲ್ಲಿ ಬಿಟ್ಟುಬರುವುದೂ ಶಾಲೆ ಬಿಟ್ಟವರ ಹಾಗೆಯೇ! ಪರೀಕ್ಷೆ ಪಾಸಾಗುವ ತಲೆ ಇತ್ತು, ದಿನಾ ಬೆಳಿಗ್ಗೆ ಎದ್ದು ಹೋಗುವ ಅಭ್ಯಾಸ ಇರಲಿಲ್ಲ. ಆ ಎರಡನೆಯದಕ್ಕೆ ಯಾವ ಪ್ರಶ್ನೆಪತ್ರಿಕೆಯೂ ಇಲ್ಲ ನೋಡಿ!

ಮಾರ್ಷ್‌ಮೆಲೋ ಪರೀಕ್ಷೆ ಕೇಳಿರುತ್ತೀರಿ. ಮಗುವಿನ ಮುಂದೆ ಒಂದು ಮೆತ್ತನೆ ಮಿಠಾಯಿ. ಈಗಲೇ ತಿಂದರೆ ಒಂದು, ಕಾದರೆ ಎರಡು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿಯಲ್ಲಿ ವಾಲ್ಟರ್ ಮಿಷೆಲ್ 1960ರ ದಶಕದ ಕೊನೆಯಲ್ಲಿ ಮಾಡಿದ್ದು. ಕಾದ ಮಕ್ಕಳು ಮುಂದೆ ಪರೀಕ್ಷೆಗಳಲ್ಲೂ ಮುಂದೆ ಬಂದರು ಅಂತ ಸುದ್ದಿ ಆಯ್ತು. ಪೋಷಕರೆಲ್ಲ ಮನೆಯಲ್ಲಿ ಮಕ್ಕಳ ಮುಂದೆ ಚಾಕೊಲೇಟ್ ಇಟ್ಟು ಗಡಿಯಾರ ನೋಡತೊಡಗಿದರು!

ಆದರೆ ಬಿಂಗ್ ನರ್ಸರಿಗೆ ಬರುತ್ತಿದ್ದವರು ಯಾರು? ಹೆಚ್ಚಾಗಿ ವಿಶ್ವವಿದ್ಯಾಲಯದ ಸುತ್ತಮುತ್ತಲಿನವರ ಮಕ್ಕಳು. ಇದಕ್ಕೂ ಮೊದಲು, 1950ರ ದಶಕದಲ್ಲಿ, ಮಿಷೆಲ್ ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್‌ನಲ್ಲಿ ಮಕ್ಕಳ ತಾಳ್ಮೆ ನೋಡಿದ್ದರು. ಈಗಲೇ ಪುಟ್ಟ ಮಿಠಾಯಿಯೋ, ಮುಂದಿನ ವಾರ ದೊಡ್ಡದೋ? ಮನೆಯಲ್ಲಿ ಅಪ್ಪ ಇಲ್ಲದ ಮಕ್ಕಳು ಈಗಲೇ ಕೊಡಿ ಅಂದದ್ದು ಹೆಚ್ಚು. ಬರ್ತೀನಿ ಅಂದ ದೊಡ್ಡವರು ಬರದೇ ಇರುವುದನ್ನು ಕಂಡ ಮಕ್ಕಳು ಇನ್ನೇನು ಹೇಳಿಯಾವು?

ಇದನ್ನೇ ಪರೀಕ್ಷೆ ಮಾಡಿದವರು ಆಗ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಸೆಲೆಸ್ಟ್ ಕಿಡ್. ನಿರ್ಗತಿಕರ ಆಶ್ರಯಧಾಮದಲ್ಲಿ ಸ್ವಯಂಸೇವೆ ಮಾಡಿದ್ದವರು. ಅಲ್ಲಿನ ಮಕ್ಕಳು ಮಾರ್ಷ್‌ಮೆಲೋ ಮುಂದೆ ಎಷ್ಟು ಹೊತ್ತು ಕೂರುತ್ತಾರೆ ಅಂತ ಅವರಿಗೆ ಅನುಮಾನ ಬಂತು. 28 ಮಕ್ಕಳನ್ನು ಕರೆತಂದು, ಚಿತ್ರ ಬಿಡಿಸಲು ಒಳ್ಳೇ ಬಣ್ಣದ ಸಾಮಾನು ತರ್ತೀವಿ ಅಂತ ಮೊದಲು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಇನ್ನರ್ಧಕ್ಕೆ 'ಅಯ್ಯೋ, ಇಲ್ಲ ಪುಟ್ಟಾ' ಅಂದರು. ಆಮೇಲೆ ಮಾರ್ಷ್‌ಮೆಲೋ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರ ಮುಂದೆ? 3 ನಿಮಿಷ! ತಾಳ್ಮೆಗೆಟ್ಟ ಮಗುವಲ್ಲ ಅದು, ಲೆಕ್ಕ ಬಲ್ಲ ಮಗು!

ಆಫ್ರಿಕಾದ ಕ್ಯಾಮರೂನ್‌ಗೆ ಹೋದರೆ ಇನ್ನೂ ಮಜಾ. ಅಲ್ಲಿನ ನ್ಸೋ ಅನ್ನೋ ರೈತಾಪಿ ಸಮುದಾಯದ ನಾಲ್ಕು ವರ್ಷದ ಮಕ್ಕಳ ಮುಂದೆ ಪಫ್-ಪಫ್ ಅನ್ನೋ ಕರಿದ ತಿಂಡಿ. ಜರ್ಮನಿಯ ಮಧ್ಯಮವರ್ಗದ ಮಕ್ಕಳ ಮುಂದೆ ಲಾಲಿಪಾಪು, ಚಾಕೊಲೇಟು. ಕೊನೆಯವರೆಗೂ ಕಾದವರು ಜರ್ಮನಿಯಲ್ಲಿ ನೂರಕ್ಕೆ 28. ನ್ಸೋ ಮಕ್ಕಳಲ್ಲಿ ನೂರಕ್ಕೆ 70! ಜರ್ಮನ್ ಮಕ್ಕಳು ಹಾಡಿದರು, ಕುಣಿದರು, ಒದ್ದಾಡಿದರು. ನ್ಸೋ ಮಕ್ಕಳು ಸುಮ್ಮನೆ ಕೂತರು. ಕೆಲವರು ಅಲ್ಲೇ ನಿದ್ದೆ ಹೋದರು! ಬಡವರ ಮಕ್ಕಳಿಗೆ ತಾಳ್ಮೆ ಇಲ್ಲ ಅಂದವರು ಈಗೇನು ಹೇಳುತ್ತಾರೋ!

ಕೊನೆಗೆ 2018ರಲ್ಲಿ 900ಕ್ಕೂ ಹೆಚ್ಚು ಅಮೆರಿಕನ್ ಮಕ್ಕಳ ಲೆಕ್ಕ ತೆಗೆದರು. ಈ ಸಲ ಎಲ್ಲ ಥರದ ಮನೆಗಳವರು. ಮಗುವಿನ ಮನೆ, ತಾಯಿಯ ಓದು, ಆದಾಯ ಎಲ್ಲ ಸೇರಿಸಿ ನೋಡಿದರೆ, ಮಿಠಾಯಿ ಮುಂದೆ ಕಾದದ್ದಕ್ಕೂ 15ನೇ ವಯಸ್ಸಿನ ಅಂಕಕ್ಕೂ ಇದ್ದ ನಂಟು ಬಹುಪಾಲು ಕರಗಿಹೋಯಿತು. ಮಾರ್ಷ್‌ಮೆಲೋ ಅಳೆದದ್ದು ಮಗುವನ್ನೋ, ಮನೆಯನ್ನೋ?

ಮನೆ ಅಂದಮೇಲೆ ಪಕ್ಕದ ತಮಿಳುನಾಡಿಗೆ ಬನ್ನಿ. ಕಬ್ಬು ಬೆಳೆಯುವ 464 ರೈತರಿಗೆ ಒಂದೇ ಬಗೆಯ ಬುದ್ಧಿಪರೀಕ್ಷೆಯನ್ನು ಎರಡು ಸಲ ಕೊಟ್ಟರು. ಕಟಾವಿಗೆ ಮುಂಚೆ ಒಂದು ಸಲ, ಕೈ ಖಾಲಿ ಇದ್ದಾಗ. ಕಟಾವು ಆದಮೇಲೆ ಇನ್ನೊಂದು ಸಲ, ದುಡ್ಡು ಬಂದಾಗ. ಅದೇ ಮನುಷ್ಯ, ಅದೇ ತಲೆ. ಕಟಾವಾದ ಮೇಲೆ ಅಂಕ ಜಾಸ್ತಿ! 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮಕ್ಕಳ ಹೋಂವರ್ಕ್ ನೋಡಬೇಕಾದವರೂ ಇವರೇ ತಾನೇ?

ಉತ್ತರ ಪ್ರದೇಶದ ಹಳ್ಳಿ ಹುಡುಗರದು ಬೇರೆಯೇ ಕಥೆ. ಆರು, ಏಳನೇ ಕ್ಲಾಸಿನವರಿಗೆ ದಾರಿ ಹುಡುಕುವ ಚಕ್ರವ್ಯೂಹದ ಒಗಟುಗಳನ್ನು ಕೊಟ್ಟರು. ಬಿಡಿಸಿದ ಒಂದೊಂದಕ್ಕೂ ದುಡ್ಡು. ಯಾರು ಯಾವ ಜಾತಿ ಅಂತ ಹೇಳದೇ ಇದ್ದಾಗ ಮೇಲ್ಜಾತಿ, ಕೆಳಜಾತಿ ಅಂತ ಕರೆಸಿಕೊಳ್ಳುವ ಹುಡುಗರೆಲ್ಲ ಸಮಸಮ. ಇನ್ನೊಂದು ಕೋಣೆಯಲ್ಲಿ ಒಬ್ಬೊಬ್ಬರ ಹೆಸರು, ಊರು, ಜಾತಿಯನ್ನು ಎಲ್ಲರೆದುರು ಓದಿದರು. ಅಷ್ಟೇ ಮಾಡಿದ್ದು. ಕೆಳಜಾತಿಯ ಹುಡುಗರು ಬಿಡಿಸಿದ ಒಗಟು ಸುಮಾರು ಐದರಲ್ಲೊಂದು ಪಾಲು ಕುಸಿಯಿತು! ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಮಾಡಿದ ಅಧ್ಯಯನ ಇದು. ಹಾಜರಿ ಪುಸ್ತಕದ ಜೊತೆ ಜಾತಿಪಟ್ಟಿಯನ್ನೂ ಗಟ್ಟಿಯಾಗಿ ಓದುವ ಮೇಷ್ಟ್ರುಗಳು ಇದನ್ನೊಂಚೂರು ಕೇಳಿಸಿಕೊಳ್ಳಬೇಕು.

ಪರೀಕ್ಷೆಯ ಕೊನೆಯ ಪ್ರಶ್ನೆಗಳು ಕಷ್ಟವೋ, ಅಲ್ಲಿಗೆ ಬರುವಷ್ಟರಲ್ಲಿ ತಲೆ ದಣಿದಿರುತ್ತೋ? ಅದೇ ಪ್ರಶ್ನೆಯನ್ನು ಪತ್ರಿಕೆಯ ಕೊನೆಗೆ ಹಾಕಿದರೆ ತಪ್ಪಾಗುವುದು ಹೆಚ್ಚು. ಅದರಲ್ಲೂ ಬಡ ಮಕ್ಕಳಿಗೆ! ಭಾರತದ 1,600ಕ್ಕೂ ಹೆಚ್ಚು ಬಡ ಪ್ರಾಥಮಿಕ ಶಾಲಾ ಮಕ್ಕಳನ್ನು ಆರಿಸಿ, ಅವರಲ್ಲಿ ಎರಡು ಗುಂಪುಗಳಿಗೆ ಸಂಶೋಧಕರು ಬರೀ ಗಮನದ ಕಸರತ್ತು ಮಾಡಿಸಿದರು. ಒಂದು ಗುಂಪಿಗೆ ಗಣಿತ. ಇನ್ನೊಂದು ಗುಂಪಿಗೆ ಪಾಠಕ್ಕೆ ಸಂಬಂಧವೇ ಇಲ್ಲದ ಒಗಟು, ಆಟ. ಒಂದು ಸಲಕ್ಕೆ 20 ನಿಮಿಷ. ಎರಡೂ ಗುಂಪುಗಳಲ್ಲಿ ಕೊನೆಕೊನೆಗೆ ಜಾರುವುದು ಶೇ. 22ರಷ್ಟು ಕಡಿಮೆಯಾಯಿತು. ಹಿಂದಿ, ಇಂಗ್ಲಿಷ್, ಗಣಿತದ ಅಂಕವೂ ಏರಿತು! ಒಗಟು ಆಡಿದವರಿಗೆ ಹಿಂದಿಯಲ್ಲಿ ಮಾರ್ಕ್ಸು!

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಂತೂ ಇಡೀ ದೇಶದ ಹತ್ತನೇ ಕ್ಲಾಸನ್ನೇ ಕೇಳಿಬಿಟ್ಟರು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು. ಬುದ್ಧಿ ಹುಟ್ಟಿನಿಂದ ಬಂದಷ್ಟೇನಾ, ಬೆಳೆಸಬಹುದಾ? ಬೆಳೆಸಬಹುದು ಅಂದ ಕಡುಬಡ ಮಕ್ಕಳ ಅಂಕ, ಬಂದಷ್ಟೇ ಅಂದ ಸಿರಿವಂತ ಮನೆ ಮಕ್ಕಳ ಅಂಕಕ್ಕೆ ಸಮ ಬಂತು! ಆದರೆ ಬಡ ಮಕ್ಕಳಲ್ಲಿ ಹಾಗೆ ನಂಬುವವರೇ ಕಡಿಮೆ.

ಹಾಗಂತ ಛಲ ಒಂದಿದ್ದರೆ ಸಾಕು ಅಂತ ಗೋಡೆ ಮೇಲೆ ಬರೆಸಿಬಿಡಬೇಡಿ. 2017ರಲ್ಲಿ 66,000ಕ್ಕೂ ಹೆಚ್ಚು ಜನರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಛಲದ ಅಂಕಕ್ಕೂ ಓದಿನ ಅಂಕಕ್ಕೂ ಇರುವ ನಂಟು ಸಣ್ಣದೇ ಅಂತ ಕಂಡಿತು. ಛಲದ ಬಗ್ಗೆ ಬರೆದ ಪುಸ್ತಕ ಮಾರಾಟವಾದದ್ದು ಮಾತ್ರ ದೊಡ್ಡದಾಗಿ!

ಈಗ ಒಂದು ಆಟ. ಷಿಕಾಗೊದ ಬಡ ಬಡಾವಣೆಗಳ ಹುಡುಗರಿಗೆ ಶಾಲೆಯಲ್ಲೇ ನಡೆಯುವ 'ಬಿಕಮಿಂಗ್ ಎ ಮ್ಯಾನ್' ಅನ್ನೋ ತರಬೇತಿಯ ಮೊದಲ ಪಾಠ ಇದು. ಇಬ್ಬಿಬ್ಬರ ಜೋಡಿ. ಒಬ್ಬನ ಮುಷ್ಟಿಯಲ್ಲಿ ಚೆಂಡು. 30 ಸೆಕೆಂಡಿನಲ್ಲಿ ಇನ್ನೊಬ್ಬ ಅದನ್ನು ಪಡೆಯಬೇಕು. ಏನಾಗುತ್ತೆ? ಎಳೆದಾಟ, ತಿರುಚಾಟ, ನೆಲದ ಮೇಲೆ ಉರುಳಾಟ! ಆಮೇಲೆ ಮೇಷ್ಟ್ರು ಕೇಳುತ್ತಾರೆ: 'ಚೆಂಡು ಕೊಡ್ತೀಯಾ ಅಂತ ಯಾಕೆ ಕೇಳಲಿಲ್ಲ?' ಹುಡುಗರು ಕಕ್ಕಾಬಿಕ್ಕಿ! ಕೇಳಬಹುದು ಅಂತ ಹೆಚ್ಚುಕಡಿಮೆ ಯಾರಿಗೂ ಹೊಳೆದೇ ಇರುವುದಿಲ್ಲ.

ನಗಬೇಡಿ. ಈ ತರಬೇತಿ ನಡೆಯುವಾಗ ಹುಡುಗರು ಹೊಡೆದಾಟ-ಬಡಿದಾಟಕ್ಕೆ ಸೆರೆಯಾಗುವುದು ಸುಮಾರು ಅರ್ಧಕ್ಕೆ ಇಳಿಯಿತು! ಮೊದಲ ಸಲ ತರಬೇತಿ ಪಡೆದ ಗುಂಪಿನಲ್ಲಿ ಹೈಸ್ಕೂಲು ಮುಗಿಸುವವರೂ ಹೆಚ್ಚಿದರು. ಅವರಿಗೆ ಒಳ್ಳೆಯವರಾಗಿ ಅಂತ ಯಾರೂ ಉಪದೇಶ ಮಾಡಲಿಲ್ಲ. ಬೀದಿಯಲ್ಲಿ ಮುಷ್ಟಿ ಬಿಗಿಯುವುದು ಒಮ್ಮೊಮ್ಮೆ ಸರಿಯೇ ಇರಬಹುದು, ಆದರೆ ಇದು ಬೀದಿಯೋ ತರಗತಿಯೋ ಅಂತ ಒಂದು ಕ್ಷಣ ನೋಡಿಕೊಳ್ಳಿ, ಇಷ್ಟೇ ಹೇಳಿಕೊಟ್ಟದ್ದು.

ಕೆನಡಾದ ಮಾಂಟ್ರಿಯಲ್‌ನಲ್ಲೂ ಇಂಥದ್ದೇ. 1980ರ ದಶಕದಲ್ಲಿ ಬಡ ಕೇರಿಗಳ ತಂಟೆಕೋರ ಹುಡುಗರನ್ನೇ ಆರಿಸಿ ಏಳರಿಂದ ಒಂಬತ್ತನೇ ವಯಸ್ಸಿನವರೆಗೆ ಎರಡು ವರ್ಷ ಕಲಿಸಿದರು. ಗಣಿತ, ವಿಜ್ಞಾನ ಅಲ್ಲ. ಸಿಟ್ಟು ತಡೆಯೋದು, ಆಟಕ್ಕೆ ಸೇರಿಸಿಕೊಳ್ಳಿ ಅಂತ ಕೇಳೋದು! ಮೂವತ್ತರ ಕೊನೆಯಲ್ಲಿ ಅವರ ದುಡಿಮೆಯ ಆದಾಯ, ಕಲಿಯದ ತಂಟೆಕೋರರಿಗಿಂತ ಸುಮಾರು ಶೇ. 20 ಹೆಚ್ಚು!

ಚೌಕಾಸಿ ಮಾಡೋದನ್ನು ಶಾಲೆಯಲ್ಲಿ ಕಲಿಸಿದರೆ? ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಕಲಿಸಿದ್ದಾರೆ! ಎರಡು ವಾರದಲ್ಲಿ ಆರು ಪಾಠ, ಒಂದೊಂದೂ ಎರಡು ಗಂಟೆ. ಫೀಸು ಕಟ್ಟಿ ಅಂತ ಅಪ್ಪನನ್ನು ಯಾವಾಗ, ಹೇಗೆ ಕೇಳಬೇಕು? ಮನೆಗೆಲಸಕ್ಕೂ ಓದಿಗೂ ಹೇಗೆ ರಾಜಿ ಮಾಡಿಸಬೇಕು? ಮೂರು ವರ್ಷ ಬಿಟ್ಟು ನೋಡಿದರೆ ಈ ಹುಡುಗಿಯರ ಓದು ಉಳಿದವರಿಗಿಂತ ಮುಂದೆ. ಸುಮ್ಮನೆ ಒಟ್ಟಿಗೆ ಕೂಡಿಸಿ ಊಟ ಹಾಕಿ ಆಟಕ್ಕೆ ಬಿಟ್ಟ ಗುಂಪಿಗೆ ಆ ಲಾಭ ಬರಲಿಲ್ಲ!

ನಮ್ಮ ರಾಜಸ್ಥಾನದ ಅಜ್ಮೇರ್‌ನಲ್ಲೂ ಹುಡುಗಿಯರಿಗೆ ಜೀವನ ಕೌಶಲ್ಯದ ಪಾಠ ನಡೆಯಿತು. ಶಾಲೆ ಬಿಡುವವರು ಕಾಲು ಭಾಗ ಕಡಿಮೆಯಾದರು!

ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ಸಂತೋಷದ ಪಿರಿಯಡ್ ಶುರುವಾಯಿತಲ್ಲ, ಪರೀಕ್ಷೆಯೇ ಇಲ್ಲದ ಪಿರಿಯಡ್, ದಲೈ ಲಾಮಾ ಬಂದು ಉದ್ಘಾಟಿಸಿದ್ದು. ಆ ಪಠ್ಯ ರೂಪಿಸಲು ಕೈಜೋಡಿಸಿದ ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನದು! 'ಡ್ರೀಮ್ ಎ ಡ್ರೀಮ್', 1999ರಿಂದ ಬಡ ಮಕ್ಕಳ ಜೀವನ ಕೌಶಲ್ಯದ ಹಿಂದೆ ಬಿದ್ದಿರುವವರು. ಮಕ್ಕಳ ಜೀವನ ಕೌಶಲ್ಯ ಅಳೆಯಲು ಅವರದೇ ಒಂದು ಮಾಪಕವೂ ಇದೆ.

ಜರ್ಮನಿಯಲ್ಲಿ ಬಲ್ಲು ಕರಡಿ ಪಾಠ ಹೇಳುತ್ತೆ, ಗೊತ್ತಾ? ಹೌದು, ನಮ್ಮ ಮಧ್ಯಪ್ರದೇಶದ ಸಿವನಿ ಕಾಡಿನ ಮೋಗ್ಲಿ ಕಥೆಯ ಬಲ್ಲು! ಒಬ್ಬ ಕಾಲೇಜು ವಿದ್ಯಾರ್ಥಿ 'ಬಲ್ಲು' ಆಗುತ್ತಾನೆ. ಪ್ರಾಥಮಿಕ ಶಾಲೆಯ ಒಂದು ಮಗು 'ಮೋಗ್ಲಿ'. ವಾರಕ್ಕೊಂದು ಮಧ್ಯಾಹ್ನ, ಒಂದು ವರ್ಷ, ಇಬ್ಬರೂ ಸೇರಿ ಅಡುಗೆ, ಆಟ, ಉದ್ಯಾನ ಸುತ್ತಾಟ. ಟ್ಯೂಷನ್ ಇಲ್ಲವೇ ಇಲ್ಲ! ಬಾನ್ ಮತ್ತು ಕಲೋನ್ ನಗರಗಳ ಬಡ ಮನೆಯ ಮಕ್ಕಳಲ್ಲಿ ನೋಡಿದರೆ, ಪರರ ಬಗ್ಗೆ ಕಾಳಜಿ, ಹಂಚಿಕೊಳ್ಳುವ ಗುಣದಲ್ಲಿ ಉಳ್ಳವರ ಮಕ್ಕಳಿಗೂ ಇವರಿಗೂ ಇದ್ದ ಅಂತರವೇ ಮುಚ್ಚಿಹೋಯಿತು. ಮುಂದೆ ಗಿಮ್ನಾಸಿಯಂ ಅನ್ನೋ ಮೇಲ್ದರ್ಜೆಯ ಶಾಲೆಗೆ ಹೋದವರೂ ಹೆಚ್ಚು!

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ, ಬೆಳವಣಿಗೆ ಕುಂಠಿತವಾದ 129 ಕೂಸುಗಳ ಮನೆಗೆ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ತಂಡ ಹೋಯಿತು. ಕೆಲವರಿಗೆ ಪೌಷ್ಟಿಕ ಆಹಾರ. ಕೆಲವರಿಗೆ ವಾರಕ್ಕೊಂದು ಗಂಟೆ ಆಟ. ಅಮ್ಮನಿಗೆ ಮಗುವಿನ ಜೊತೆ ಆಡೋದನ್ನು ಆರೋಗ್ಯ ಕಾರ್ಯಕರ್ತೆ ತೋರಿಸಿಕೊಡುತ್ತಿದ್ದರು. ಆಟಿಕೆ? ಖಾಲಿ ಬಾಟಲಿ, ರಟ್ಟು! ಎರಡು ವರ್ಷ ಹೀಗೆ. ಮಕ್ಕಳಿಗೆ 22 ವರ್ಷವಾದಾಗ ನೋಡಿದರೆ, ಆಟ ಸಿಕ್ಕವರ ಗಳಿಕೆ ಶೇ. 25 ಹೆಚ್ಚು, ಹೊಡೆದಾಟ ಕಡಿಮೆ! ಬರೀ ಆಹಾರ ಸಿಕ್ಕವರಲ್ಲಿ ಅಷ್ಟು ದೂರದವರೆಗೆ ಬಂದ ಲಾಭ ಕಾಣಲಿಲ್ಲ. ಮಕ್ಕಳಿಗೆ ಊಟ ಬೇಡ ಅಂತ ಇದರ ಅರ್ಥ ಅಲ್ಲ, ದಯವಿಟ್ಟು! ಇದೇ ಆಟದ ಪಾಠ ಆಮೇಲೆ ಒಡಿಶಾದ ಕಟಕ್‌ಗೂ ಬಂತು.

ಹೊಸ ಶಾಲೆ ಕಟ್ಟದೆ, ಹೊಸ ಟೀಚರ್ ಕೊಡದೆ ಹುಡುಗಿಯರ ಓದು ಏರಿಸಬಹುದಾ? ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಏರಿತು! ಮೀಸಲಾತಿಯಿಂದ ಎರಡು ಅವಧಿ ಮಹಿಳೆಯೇ ಪಂಚಾಯ್ತಿ ಪ್ರಧಾನರಾದ ಹಳ್ಳಿಗಳಲ್ಲಿ, ಹುಡುಗ-ಹುಡುಗಿಯರ ಕನಸುಗಳ ನಡುವಿನ ಅಂತರ ಮೂರನೇ ಒಂದು ಭಾಗದಷ್ಟು ತಗ್ಗಿತು. ಓದಿನ ಅಂತರವಂತೂ ಅಳಿಸಿಯೇ ಹೋಯಿತು! ಕಣ್ಣೆದುರು ಒಬ್ಬಳು ಕುರ್ಚಿಯಲ್ಲಿ ಕೂತಿದ್ದಳು, ಅಷ್ಟೇ.

ಪರೀಕ್ಷೆಗೆ ಒಂದು ವಾರ ಇರುವಾಗ ಸಿನಿಮಾ ನೋಡಿದರೆ ಮನೆಯಲ್ಲಿ ಏನು ಸಿಗುತ್ತೆ ಹೇಳಿ? ಉಗಾಂಡದ ಕಂಪಾಲಾದಲ್ಲಿ ಮಾರ್ಕ್ಸ್ ಸಿಕ್ಕಿತು! ಅಲ್ಲಿನ ಮಕ್ಕಳಿಗೆ ರಾಷ್ಟ್ರೀಯ ಪರೀಕ್ಷೆಗೆ ಮುಂಚೆ 'ಕ್ವೀನ್ ಆಫ್ ಕಟ್ವೆ' ತೋರಿಸಿದರು. ಕಟ್ವೆ ಕೊಳೆಗೇರಿಯ ಹುಡುಗಿ ಫಿಯೋನಾ ಮುಟೆಸಿ ಚೆಸ್ ಆಟಗಾರ್ತಿಯಾದ ನಿಜ ಕಥೆ. ಇನ್ನೊಂದು ಗುಂಪಿಗೆ ಬೇರೆ ಯಾವುದೋ ಫ್ಯಾಂಟಸಿ ಚಿತ್ರ. ಕಟ್ವೆ ನೋಡಿದ ಮಕ್ಕಳು ಗಣಿತದಲ್ಲಿ ಫೇಲಾದದ್ದು ಕಡಿಮೆ! ಚಿತ್ರದಲ್ಲಿ ಗಣಿತದ ಪಾಠ ಇಲ್ಲವೇ ಇಲ್ಲ. ನಿರ್ದೇಶಕಿ ಯಾರು ಗೊತ್ತಾ? ನಮ್ಮ ಮೀರಾ ನಾಯರ್!

ಇಷ್ಟೊತ್ತೂ ಬಡ ಮಕ್ಕಳಿಗೆ ಏನು ಕಲಿಸಬೇಕು ಅಂತಲೇ ಆಯ್ತಲ್ಲ, ಉಲ್ಟಾ ನೋಡೋಣ. ಅಗ್ಗದ ಸರ್ಕಾರಿ ಜಾಗ ಪಡೆದ ದೆಹಲಿಯ ದೊಡ್ಡ ಖಾಸಗಿ ಶಾಲೆಗಳು ಬಡ ಮಕ್ಕಳಿಗೂ ಸೀಟು ಕೊಡಬೇಕು ಅಂತ 2007ರಲ್ಲಿ ನಿಯಮ ಬಂತು. ಶಿಕ್ಷಣ ಹಕ್ಕು ಕಾಯ್ದೆಗೂ ಮೊದಲು! ನಮ್ಮ ಮಕ್ಕಳು ಹಾಳಾಗಿಬಿಡ್ತಾರೆ ಅಂತ ಪೋಷಕರಿಗೆ ಭಯ. ಗೌತಮ್ ರಾವ್ ಅನ್ನುವ ಅರ್ಥಶಾಸ್ತ್ರಜ್ಞ ಹೋಗಿ ನೋಡಿದರು. ಸಿರಿವಂತ ಮಕ್ಕಳ ಹಿಂದಿ, ಗಣಿತದ ಅಂಕಕ್ಕೆ ಏನೂ ಆಗಿರಲಿಲ್ಲ. ಇಂಗ್ಲಿಷ್ ಮಾತ್ರ ಒಂಚೂರು ಇಳಿದಿತ್ತು. ಆದರೆ ಬಡ ಸಹಪಾಠಿಗಳಿದ್ದ ಸಿರಿವಂತ ಮಕ್ಕಳು ಹಂಚಿಕೊಳ್ಳುವುದರಲ್ಲಿ ಮುಂದೆ, ದಾನದ ಕೆಲಸಕ್ಕೆ ಸ್ವಂತ ಇಷ್ಟದಿಂದ ಬರುವುದರಲ್ಲೂ ಮುಂದೆ!

ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿ ಅಂದರು. ಬಹುಮಾನವೂ ಇತ್ತು. ಒಂದು ಕಡೆ ವೇಗದ ಬಡ ಹುಡುಗ, ಇನ್ನೊಂದು ಕಡೆ ನಿಧಾನದ ಸಿರಿವಂತ ಹುಡುಗ. ಓಡಿದ ಮೇಲೆ ಜೊತೆಗಾರನ ಸಂಗಡ ಸ್ವಲ್ಪ ಹೊತ್ತು ಆಡಿಕೊಂಡಿರಬೇಕು ಅಂತಲೂ ಷರತ್ತು. ಸಣ್ಣ ಬಹುಮಾನವಾದರೆ ಸಿರಿವಂತ ಮಕ್ಕಳಲ್ಲಿ ಎಷ್ಟೋ ಜನ ಸೋತರೂ ಪರವಾಗಿಲ್ಲ, ನಮ್ಮವನೇ ಬೇಕು ಅಂದರು. ಬಡ ಮಕ್ಕಳ ಜೊತೆ ಬೆಂಚು ಹಂಚಿಕೊಂಡವರು ಹಾಗನ್ನುವುದು ಎಷ್ಟೋ ಕಡಿಮೆ, ಅವರು ಓಡುವವನನ್ನೇ ಕರೆದರು! ಶಿಸ್ತಿನಲ್ಲಿ ಕಂಡ ವ್ಯತ್ಯಾಸ ಒಂದೇ ಒಂದು. ತರಗತಿಯಲ್ಲಿ ಬೈಗುಳ ಸ್ವಲ್ಪ ಹೆಚ್ಚಿತ್ತಂತೆ!